ಛತ್ರದವನ ಲೆಕ್ಕ

(ಸಂತ ಲೂಕರ ಹಬ್ಬದ ಪ್ರಬೋಧನೆ, ಅಕ್ಟೋಬರ್ 18)



ಇಂದು ನಾವು ಶುಭಸಂದೇಶಕಾರ ಸಂತ ಲೂಕರ ಹಬ್ಬವನ್ನು ಆಚರಿಸುತ್ತಿದ್ದೇವೆ. ಸಂತ ಪೌಲರು ಇವರನ್ನು ಪ್ರೀತಿಯ ವೈದ್ಯರೆಂದು ಕರೆದಿದ್ದಾರೆ. ವೈದ್ಯರಿಗೆ ಇವರೇ ಪಾಲಕ ಸಂತರು. ದಯಾಳು ಸಮಾರಿತನ ಸಾಮತಿಯನ್ನು ನಮಗೆ ಉಳಿಸಿಕೊಟ್ಟವರೂ ಇವರೊಬ್ಬರೇ.

ಆ ಸಾಮತಿಯಲ್ಲಿ ದಾಟಿಹೋದ ಯಾಜಕ ನಮಗೆ ಗೊತ್ತು, ನಿಂತ ಸಮಾರಿತ ಗೊತ್ತು. ಛತ್ರದವನನ್ನು ಮಾತ್ರ ನಾವು ಮರೆಯುತ್ತೇವೆ. ಸಮಾರಿತ ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು ತನ್ನ ದಾರಿ ಹಿಡಿದ. ಆಮೇಲೆ ಗಾಯಾಳುವಿನ ನರಳಾಟ ಕೇಳುತ್ತಾ ರಾತ್ರಿ ಕಳೆದವನು ಛತ್ರದವನು.

2020 ಮತ್ತು 2021ರಲ್ಲಿ ನಾವೂ ನಮ್ಮವರನ್ನು ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಸಿ ಮರಳಿದೆವು. ಒಳಗೆ ನಮ್ಮ ತಾಯಂದಿರ ಕೈ ಹಿಡಿದವರು, ಸಾಯುವವರ ಕಿವಿಗೆ ಫೋನ್ ಹಿಡಿದು ಮನೆಯವರ ದನಿ ಕೇಳಿಸಿದವರು ದಾದಿಯರು. ಎರಡನೇ ಅಲೆಯಲ್ಲಿ ಹಾಸಿಗೆ, ಆಮ್ಲಜನಕ ಸಾಲದಾದಾಗ ಯಾರನ್ನು ಒಳಗೆ ಕರೆಯುವುದು ಎಂಬ ಭಾರವೂ ವೈದ್ಯರ ಮೇಲೆ ಬಿತ್ತು. ಮನೆಗೆ ಬಂದರೆ ಮಗುವನ್ನು ಎತ್ತಿಕೊಳ್ಳಲೂ ಭಯ. 2020ರ ಮಾರ್ಚ್ 22ರಂದು ನಾವು ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ಅವರನ್ನು ಬಾಡಿಗೆ ಮನೆಯಿಂದ ಹೊರಡಿಸಿದವರೂ ಇದ್ದರು. ಅವರ ಮೇಲಿನ ಹಲ್ಲೆ ತಡೆಯಲು ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯೇ ಬೇಕಾಯಿತು.

2020ರ ಜನವರಿಯಿಂದ 2021ರ ಮೇ ತನಕ ಜಗತ್ತಿನಲ್ಲಿ ಸುಮಾರು 1,15,500 ಆರೋಗ್ಯ ಕಾರ್ಯಕರ್ತರು ಕೋವಿಡ್‌ಗೆ ಬಲಿಯಾಗಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. 2023ರ ಮೇ 5ರಂದು ಅದೇ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಬದುಕುಳಿದವರ ಮನಸ್ಸಿನ ಗಾಯಕ್ಕೆ ಅಂಥ ಮುಕ್ತಾಯದ ದಿನವಿಲ್ಲ.

ನ್ಯೂಯಾರ್ಕ್ ನಗರದ ಲೋರ್ನಾ ಬ್ರೀನ್ ತುರ್ತು ಚಿಕಿತ್ಸಾ ವೈದ್ಯೆ. ತಮಗೂ ಕೋವಿಡ್ ತಗಲಿತು. ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹೋದರು. ಸಾವಿನ ಸಾಲು ನೋಡಿ ಅವರ ಮನಸ್ಸು ಕುಸಿಯಿತು. ಮಾನಸಿಕ ಚಿಕಿತ್ಸೆ ಪಡೆದರೆ ವೃತ್ತಿಯೇ ಹೋದೀತೆಂದು ಅವರು ಹೆದರಿದ್ದರೆಂದು ಮನೆಯವರು ಹೇಳಿದ್ದಾರೆ. 2020ರ ಏಪ್ರಿಲ್ 26ರಂದು, 49ನೇ ವಯಸ್ಸಿನಲ್ಲಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ದೇವರ ಕರುಣೆಗೆ ಒಪ್ಪಿಸುವುದು ನಮ್ಮದು. 2022ರ ಮಾರ್ಚ್‌ನಲ್ಲಿ, ಆರೋಗ್ಯ ಸಿಬ್ಬಂದಿಯ ಮಾನಸಿಕ ಆರೈಕೆಗಾಗಿ ಅಮೆರಿಕದಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂತು.

ಆ ಭಯ ನಮ್ಮ ಮನೆಗಳಲ್ಲೂ ಇದೆ. ಯೋಧರೆಂದು ಕರೆದ ಮೇಲೆ ಅವರು ಅಳುವುದು ಹೇಗೆ? ದೇವದೂತೆ ಎಂದ ಮೇಲೆ ದಣಿದಿದ್ದೇನೆ ಎನ್ನುವುದು ಹೇಗೆ? ಗುರುಗಳಾದ ನಾವೂ ತಪ್ಪಿದ್ದೇವೆ. ನಿದ್ದೆ ಬರುತ್ತಿಲ್ಲವೆಂದು ಬಂದವರಿಗೆ, ಇನ್ನೊಂದು ಜಪಸರ ಹೇಳಿ ಎಂದಷ್ಟೇ ಹೇಳಿ ಕಳುಹಿಸಿದ್ದೇವೆ. ಜಪಸರವೂ ಬೇಕು, ವೈದ್ಯರೂ ಬೇಕು. ಪ್ರೇಷಿತರಾದ ಪೌಲರೇ ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡಿದ್ದರಲ್ಲವೇ?

ಹೆಚ್ಚು ಖರ್ಚಾದರೆ ಮರಳಿ ಬಂದು ತೀರಿಸುತ್ತೇನೆಂದು ಸಮಾರಿತ ಮಾತು ಕೊಟ್ಟಿದ್ದ. ನಮ್ಮ ಛತ್ರದವರಿಗೆ ಹೆಚ್ಚೇ ಖರ್ಚಾಗಿದೆ: ನಿದ್ದೆ, ನೆಮ್ಮದಿ, ನಗು. ನಾವು ಮರಳಿ ಹೋಗಿದ್ದೇವೆಯೇ? ರಾತ್ರಿ ಪಾಳಿ ಮುಗಿಸಿ ಬಂದ ಸೊಸೆಯನ್ನು ಅಡುಗೆಮನೆಗೆ ಕರೆಯದೆ ಮಲಗಲು ಬಿಡೋಣ. ಊರಿನ ಆಶಾ ಕಾರ್ಯಕರ್ತೆಯನ್ನು ಹೇಗಿದ್ದೀಯಮ್ಮ ಎಂದು ಕೇಳಿ, ಉತ್ತರ ಬರುವ ತನಕ ನಿಲ್ಲೋಣ.

ಇಲ್ಲಿ ಕುಳಿತಿರುವ ದಾದಿಯರೇ, ವೈದ್ಯರೇ, ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಗುರುಮನೆಯ ಬಾಗಿಲೂ ತೆರೆದಿದೆ; ಈ ಸಲ ಮೊದಲು ನಾವು ಕೇಳಿಸಿಕೊಳ್ಳುತ್ತೇವೆ.

ಇಂದಿನ ಶುಭಸಂದೇಶದಲ್ಲಿ ಪ್ರಭು ಯೇಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದರು. ಯಾರನ್ನೂ ಒಂಟಿಯಾಗಿ ಕಳುಹಿಸಲಿಲ್ಲ. ನಾವೂ ಯಾರನ್ನೂ ಒಂಟಿಯಾಗಿ ಬಿಡದಿರೋಣ. ಆಮೆನ್.