ಪಟ ಕಟ್ಟುವ ವಿದ್ಯೆ

(ಬಾನುಲಿ ಭಾಷಣ)

ಕನ್ನಡದ ಅಧ್ಯಾಪಕನಾಗಿ ಆಯುಷ್ಯ ಕಳೆದವನು ನಾನು. ಸಾಹಿತ್ಯದ ಯಾವುದಾದರೊಂದು ವಿಷಯವನ್ನೆತ್ತಿಕೊಳ್ಳುವೆನೆಂದು ನೀವು ನಿರೀಕ್ಷಿಸಿದ್ದರೆ ಅದು ಸಹಜವೇ. ಆದರೆ ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಹಾಯಿಹಲಗೆಯ ವಿಷಯ. ನೀರಿನ ಮೇಲೆ ತೇಲುವ ಒಂದು ಹಲಗೆ, ಅದರ ಮೇಲೊಂದು ಪಟ, ಆ ಪಟವನ್ನು ಕೈಯಾರೆ ಹಿಡಿದು ನಿಂತ ಒಬ್ಬ ಮನುಷ್ಯ. ಇಷ್ಟೇ ಸಲಕರಣೆಯ ಈ ಆಟವನ್ನು ವಿಂಡ್‌ಸರ್ಫಿಂಗ್ ಎಂದು ಕರೆಯುತ್ತಾರೆ. ಕೊಟ್ಟೂರಿನ ಬಯಲಿನಲ್ಲಿ ಹುಟ್ಟಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಆಚೆಗೆ ಹೆಚ್ಚು ಕಾಲ ನಿಲ್ಲದ ನನಗೆ ಈ ಆಟದೊಡನೆ ಏನು ನಂಟು ಎಂದು ನೀವು ಕೇಳಬಹುದು. ಗಾಳಿಯ ನಂಟು ಎಂದು ನಾನು ಉತ್ತರ ಹೇಳಬೇಕಾಗುತ್ತದೆ.

ಈ ಐದು ತಾಲ್ಲೂಕುಗಳು ಮಳೆಗೆ ಬಡವಾದರೂ ಗಾಳಿಗೆ ಬಡವಲ್ಲ. ನೈಋತ್ಯದ ಮುಂಗಾರು ತನ್ನ ನೀರಿನ ಬಹುಪಾಲನ್ನು ಸಹ್ಯಾದ್ರಿಯಲ್ಲಿ ಸುರಿದು, ಬರಿಯ ಗಾಳಿಯಾಗಿ ನಮ್ಮ ಕಡೆಗೆ ಬರುತ್ತದೆ. ಆಷಾಢದಲ್ಲಿ ನಮ್ಮೂರ ಹೆಂಗಸರು ಒಣಹಾಕಿದ ಸೀರೆಗೆ ಕಲ್ಲು ಹೇರುತ್ತಿದ್ದುದನ್ನು ನಾನು ಬಲ್ಲೆ. ಹರಪನಹಳ್ಳಿ ಸೀಮೆಯ ಗುಡ್ಡಗಳ ಮೇಲೆ ಈಗ ತಿರುಗುತ್ತಿರುವ ಗಾಳಿಯಂತ್ರಗಳೇ ಈ ಮಾತಿಗೆ ಸಾಕ್ಷಿ. 'ಗಾಳಿ ಬಂದಾಗ ತೂರಿಕೋ' ಎಂಬ ಗಾದೆ ನಮ್ಮ ಕಣಗಳಲ್ಲಿ ಬರಿಯ ಗಾದೆಯಾಗಿರಲಿಲ್ಲ; ರಾಶಿಯ ಕಾಲದಲ್ಲಿ ದಿನಕ್ಕೆ ಹತ್ತು ಬಾರಿ ಕೇಳಬರುವ ಅಪ್ಪಣೆಯಾಗಿತ್ತು.

ಭಾಷೆಯ ನಂಟೂ ಒಂದುಂಟು. ಹುಡುಗರು ಹಾರಿಸುವುದು ಗಾಳಿಪಟ. ಹಡಗಿನವರು ಬಿಚ್ಚುವುದು ಹಾಯಿಪಟ. ಎರಡೂ ಪಟವೇ, ಎಂದರೆ ಬಟ್ಟೆಯೇ. ಇಂದಿನ 'ಹಾಯಿ' ಹಿಂದೆ 'ಪಾಯಿ' ಆಗಿತ್ತು. 'ಹಡಗು' ಹಿಂದೆ 'ಪಡಗು' ಆಗಿತ್ತು. ತಮಿಳಿನಲ್ಲಿ 'ಪಾಯ್' ಎಂದರೆ ಇಂದಿಗೂ ಚಾಪೆಯೂ ಹೌದು, ಹಾಯಿಯೂ ಹೌದು. ನಮ್ಮ ಹೂವಿನ ಹಡಗಲಿಗೆ ಆ ಹೆಸರು ಬಂದುದು ಅಲ್ಲಿಂದ ತುಂಗಭದ್ರೆಯ ಮೇಲೆ ವಿಜಯನಗರಕ್ಕೆ ಹೂವು ತುಂಬಿದ ಹಡಗುಗಳು ಹೋಗುತ್ತಿದ್ದುದರಿಂದ ಎಂದು ಜನ ನಂಬಿದ್ದಾರೆ. ನಂಬಿಕೆ ಎಷ್ಟರಮಟ್ಟಿಗೆ ಚರಿತ್ರೆ ಎಂಬ ಚರ್ಚೆ ಇಲ್ಲಿ ಬೇಡ. ಒಣಸೀಮೆಯ ಜನ ತಮ್ಮ ಊರಿನ ಹೆಸರಿನಲ್ಲಿ ಒಂದು ಹಡಗನ್ನು ಕಂಡುಕೊಂಡರೆಂಬುದೇ ನನಗೆ ಸಂತೋಷದ ಸಂಗತಿ.

ಈಗ ನನ್ನ ಬಾಲ್ಯದ ಒಂದು ಮಧ್ಯಾಹ್ನಕ್ಕೆ ಬರುತ್ತೇನೆ. ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಬಿದಿರುಕಡ್ಡಿಗಳನ್ನು ಸೀಳಿ, ಬಣ್ಣದ ಕಾಗದ ಅಂಟಿಸಿ, ಹಳೆಯ ಸೀರೆಯ ಅಂಚಿನಿಂದ ಬಾಲಂಗೋಚಿ ಕಟ್ಟಿ, ನಾನೇ ಮಾಡಿದ ಮೊದಲ ಗಾಳಿಪಟವನ್ನು ಬಯಲಿಗೆ ಒಯ್ದಿದ್ದೆ. ಬಿಟ್ಟೊಡನೆ ಅದು ಗಿರಿಗಿರಿ ಸುತ್ತಿ ತಲೆಕೆಳಗಾಗಿ ನೆಲಕ್ಕೆ ಬಡಿಯಿತು. ಎರಡನೆಯ ಬಾರಿಯೂ ಹಾಗೆಯೇ. ಹತ್ತನೆಯ ಬಾರಿಯೂ ಹಾಗೆಯೇ. ಗಾಳಿ ವಿಪರೀತವಾಗಿದೆ ಎಂದು ಗಾಳಿಯನ್ನು ಬಯ್ದೆ. ನನ್ನ ಕೈಗೆ ಈ ವಿದ್ಯೆ ಹತ್ತದೆಂದು ನನ್ನನ್ನೂ ಬಯ್ದುಕೊಂಡೆ. ಎತ್ತುಗಳನ್ನು ಹೊಡೆದುಕೊಂಡು ಅದೇ ಹಾದಿಯಲ್ಲಿ ಬರುತ್ತಿದ್ದ ನಮ್ಮ ದೊಡ್ಡಪ್ಪ ನಿಂತು ನೋಡಿದರು. "ಗಾಳಿದೇನೂ ತಪ್ಪಿಲ್ಲಲೇ ತಮ್ಮಾ, ನಿಂದೂ ತಪ್ಪಿಲ್ಲ. ಸೂತ್ರ ನೋಡು, ಸೂತ್ರ" ಎಂದರು.

ಗಾಳಿಪಟದ ಬೆನ್ನುಕಡ್ಡಿಯ ಮೇಲೊಂದು ಕಡೆ, ಕೆಳಗೊಂದು ಕಡೆ ಕಟ್ಟಿದ ಎರಡು ಎಳೆಗಳು ಒಂದು ಗಂಟಿನಲ್ಲಿ ಕೂಡುತ್ತವಲ್ಲ, ಅದೇ ಸೂತ್ರ. ಹಾರಿಸುವ ದಾರವನ್ನು ಕಟ್ಟುವುದು ಆ ಗಂಟಿಗೆ. ಗಂಟು ತುಸು ಮೇಲಕ್ಕೆ ಸರಿದರೆ ಪಟ ಗಾಳಿಗೆ ಓರೆಯಾಗಿ ಮಲಗುತ್ತದೆ; ಕೆಳಕ್ಕೆ ಸರಿದರೆ ಎದೆಯುಬ್ಬಿಸಿ ಗಾಳಿಗೆ ಎದುರು ನಿಲ್ಲುತ್ತದೆ. ಗಾಳಿ ಮೆಲ್ಲಗಿದ್ದಾಗ ಎದೆಯನ್ನು ಕೊಂಚ ಹೆಚ್ಚಾಗಿಯೇ ಒಡ್ಡಬೇಕು. ಜೋರಾಗಿದ್ದಾಗ ಓರೆಯಾಗಬೇಕು. ಆಷಾಢದ ಗಾಳಿಗೆ ಎದುರಾಗಿ ನಿಂತ ಪಟ ದಾರವನ್ನು ಜಗ್ಗುತ್ತದೆ, ಸುತ್ತುತ್ತದೆ, ಏರುವುದಿಲ್ಲ. ದೊಡ್ಡಪ್ಪ ಗಂಟು ಬಿಚ್ಚಿ, ಒಂದು ಬೆರಳಿನಗಲ ಮೇಲಕ್ಕೆ ಸರಿಸಿ ಕಟ್ಟಿದರು. ಬಾಲಂಗೋಚಿಗೆ ಒಂದು ಗೇಣು ಬಟ್ಟೆ ಸೇರಿಸಿದರು. ಬಲಕ್ಕೆ ವಾಲುತ್ತಿದ್ದುದಕ್ಕೆ ಎಡದ ರೆಕ್ಕೆಯ ತುದಿಗೆ ಒಂದು ಚೂರು ಚಿಂದಿ ಕಟ್ಟಿದರು. ಪಟ ಅದೇ, ಗಾಳಿ ಅದೇ, ಹುಡುಗನೂ ಅವನೇ. ಈ ಬಾರಿ ಅದು ಏರಿತು.

ಈ ಸಂಗತಿ ನನ್ನ ನೆನಪಿಗೆ ಮರಳಿದುದು ಹೋದ ವರ್ಷ. ನನ್ನ ಮಗಳ ಸಂಸಾರ ನೆದರ್ಲೆಂಡ್ಸಿನಲ್ಲಿದೆ. ಆ ನಾಡಿನಲ್ಲಿ ಕೆರೆ ಕಾಲುವೆಗಳಿಗೆ ಬರವಿಲ್ಲ, ಗಾಳಿಗೂ ಬರವಿಲ್ಲ. ಹದಿನಾರು ವರ್ಷದ ಮೊಮ್ಮಗಳು ಊರ ಹತ್ತಿರದ ಕೆರೆಯಲ್ಲಿ ಹಾಯಿಹಲಗೆ ಕಲಿಯಲು ಹೋಗಿದ್ದಳು. ಒಂದು ಭಾನುವಾರ ಫೋನಿನಲ್ಲಿ, "ತಾತ, ನಾನು ಬಿಟ್ಟುಬಿಡುತ್ತೇನೆ. ಎಲ್ಲರೂ ನಿಲ್ಲುತ್ತಾರೆ, ನಾನೊಬ್ಬಳೇ ಬೀಳುತ್ತೇನೆ. ನನಗೆ ಶಕ್ತಿ ಸಾಲದು" ಎಂದು ಅತ್ತಳು. ನನಗೆ ಆ ಆಟದ ಗಂಧವೂ ಇರಲಿಲ್ಲ. ಆದರೂ ಬಾಯಿಂದ ದೊಡ್ಡಪ್ಪನವರ ಮಾತೇ ಹೊರಟಿತು: "ಸೂತ್ರ ನೋಡಮ್ಮಾ." ಅವಳಿಗೆ ಅರ್ಥವಾಗಲಿಲ್ಲ. ಅವಳಿಗೆ ಅರ್ಥ ಮಾಡಿಸಬೇಕಾದರೆ ಮೊದಲು ನಾನು ಕಲಿಯಬೇಕಾಯಿತು. ಪುಸ್ತಕ ತರಿಸಿ ಓದಿದೆ. ಅವಳು ಕಳಿಸಿದ ಚಿತ್ರಗಳನ್ನು ನೋಡಿದೆ.

ಈ ಆಟದ ಚರಿತ್ರೆಯೇ ಸ್ವಾರಸ್ಯವಾಗಿದೆ. ಅಮೆರಿಕದ ನ್ಯೂಮನ್ ಡಾರ್ಬಿ ಎಂಬಾತ ಇಂಥದೊಂದು ಹಲಗೆಯ ವಿವರವನ್ನು 1965ರಲ್ಲಿ ಒಂದು ಪತ್ರಿಕೆಯಲ್ಲಿ ಪ್ರಕಟಿಸಿದ. ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆಟ ಲೋಕಪ್ರಿಯವಾದ ಮೇಲೆ ಇಂಗ್ಲೆಂಡಿನಲ್ಲಿ ವ್ಯಾಜ್ಯ ನಡೆಯಿತು. 1958ರಲ್ಲಿಯೇ ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡು ವರ್ಷದ ಹುಡುಗ ಹೇಲಿಂಗ್ ದ್ವೀಪದ ತೀರದಲ್ಲಿ ಹಲಗೆಗೆ ಪಟ ಕಟ್ಟಿ ಆಡಿದ್ದನೆಂಬುದು ಅಲ್ಲಿ ಸಾಬೀತಾಯಿತು. 1985ರಲ್ಲಿ ಮೇಲ್ಮನವಿಯ ನ್ಯಾಯಾಲಯವೂ ಆ ಪೇಟೆಂಟು ಅಲ್ಲಿ ಸಲ್ಲದೆಂದಿತು. ಹುಡುಗನೊಬ್ಬನ ಆಟಿಕೆ ದೊಡ್ಡ ವ್ಯಾಪಾರವನ್ನು ಸೋಲಿಸಿದ ಕಥೆ ಇದು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಗಂಡಸರಿಗೆ, 1992ರಲ್ಲಿ ಹೆಂಗಸರಿಗೆ ಈ ಸ್ಪರ್ಧೆ ಸೇರಿತು. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ದೇಶದ ಇಬಾದ್ ಅಲಿ ಇದರಲ್ಲಿ ಕಂಚಿನ ಪದಕ ಗೆದ್ದರು. ಅವರು ಸಮುದ್ರವೇ ಇಲ್ಲದ ಮಧ್ಯಪ್ರದೇಶದವರೆಂಬುದನ್ನು ನಮ್ಮಂಥ ಒಳನಾಡಿನವರು ಗಮನಿಸಬೇಕು.

ಅದಿರಲಿ. ಹಾಯಿಹಲಗೆಯ ಕಟ್ಟುಪಾಡನ್ನು ನನಗೆ ತಿಳಿದಂತೆ ಹೇಳುತ್ತೇನೆ. ಪಟದ ಒಂದು ಅಂಚಿನುದ್ದಕ್ಕೂ ಚೀಲದಂಥ ಹೊಲಿಗೆಯಿರುತ್ತದೆ. ಅದರೊಳಕ್ಕೆ ಕೂವೆಯನ್ನು, ಎಂದರೆ ಪಟದ ಕಂಬವನ್ನು, ತೂರಿಸುತ್ತಾರೆ. ಕೂವೆಯ ಬುಡ ಎತ್ತ ಬೇಕಾದರೂ ಬಾಗುವ ಒಂದು ಕೀಲಿನಿಂದ ಹಲಗೆಗೆ ಸೇರಿರುತ್ತದೆ. ಈ ಕೀಲೇ ಆಟದ ಜೀವ. ಚುಕ್ಕಾಣಿಯಿಲ್ಲ. ಪಟವನ್ನು ಮುಂದಕ್ಕೆ ಬಾಗಿಸಿದರೆ ಹಲಗೆ ಗಾಳಿಯಿಂದ ಆಚೆಗೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯತ್ತ ತಿರುಗುತ್ತದೆ. ಪಟವನ್ನು ಎರಡು ಬದಿಯಿಂದಲೂ ತಬ್ಬಿಕೊಂಡ ಒಂದು ಹಿಡಿಗೋಲು ಉಂಟು. ಆಡುವವನು ಹಿಡಿಯುವುದು ಅದನ್ನೇ.

ಹಗ್ಗಗಳು ಮುಖ್ಯವಾಗಿ ಎರಡು. ಒಂದು, ಪಟದ ಬುಡವನ್ನು ಕೂವೆಯುದ್ದಕ್ಕೂ ಕೆಳಕ್ಕೆ ಜಗ್ಗುವುದು. ಇನ್ನೊಂದು, ಪಟದ ಹಿಂದಿನ ಮೂಲೆಯನ್ನು ಹಿಡಿಗೋಲಿನ ತುದಿಗೆ ಸೆಳೆಯುವುದು. ಮೊದಲು ಕೆಳಕ್ಕೆ, ಆಮೇಲೆ ಹಿಂದಕ್ಕೆ. ಈ ಕ್ರಮ ತಪ್ಪಬಾರದು. ಕೆಳಗಿನ ಹಗ್ಗ ಸಾಲದಷ್ಟು ಬಿಗಿದಿದ್ದರೆ ಕೂವೆಯ ಬದಿಯಲ್ಲಿ ಅಡ್ಡಮಡಿಕೆಗಳು ಕಾಣುತ್ತವೆ. ಅದಕ್ಕಿಂತ ಕೇಡೆಂದರೆ, ಗಾಳಿ ಒಮ್ಮೆಲೆ ಬೀಸಿದಾಗ ಪಟ ಅದನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡು ಆಡುವವನ ಕೈಯನ್ನು ಜಗ್ಗಿ ಕೆಡವುತ್ತದೆ. ಚೆನ್ನಾಗಿ ಬಿಗಿದ ಪಟದ ಮೇಲ್ತುದಿಯ ಹಿಂಬದಿ ತುಸು ಸಡಿಲವಾಗಿದ್ದು, ಹೆಚ್ಚಾದ ಗಾಳಿಯನ್ನು ತಾನಾಗಿ ಚೆಲ್ಲಿಬಿಡುತ್ತದೆ. ಹಿಂದಿನ ಹಗ್ಗ ಪಟದ ಹೊಟ್ಟೆಯನ್ನು ಆಳುತ್ತದೆ: ಮೆಲುಗಾಳಿಗೆ ಹೊಟ್ಟೆಯಿರಲಿ, ಬಿರುಗಾಳಿಗೆ ಚಪ್ಪಟೆಯಾಗಲಿ. ಇವೆಲ್ಲ ಕೆಲವೇ ಬೆರಳಿನ ವ್ಯತ್ಯಾಸಗಳು. ಹಿಡಿಗೋಲು ಹೆಚ್ಚುಕಡಿಮೆ ಹೆಗಲಿನ ಎತ್ತರಕ್ಕಿರಬೇಕು. ಹೊಸಬರಿಗೆ ಮೂರು ನಾಲ್ಕು ಚದರ ಮೀಟರಿನ ಸಣ್ಣ ಪಟ, ಅಗಲವಾದ ಹಲಗೆ, ಮೆಲ್ಲನೆಯ ಗಾಳಿ, ತೇಲುಜಾಕೀಟು, ದಡದಲ್ಲಿ ನೋಡುವವರೊಬ್ಬರು, ಇಷ್ಟು ಇರಲೇಬೇಕು.

ನೀರಿನ ಕೆಳಗೂ ಒಂದು ಸೂತ್ರವಿದೆ. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆ ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಹಾಕುವವರ ಹರಿಗೋಲನ್ನು ನೀವು ನೋಡಿರಬಹುದು. ದುಂಡನೆಯ ಆ ಬುಟ್ಟಿಗೆ ಪಟ ಕಟ್ಟಿದರೆ ಅದು ಗಾಳಿ ಹೊಡೆದತ್ತ ತಿರುಗುತ್ತ ಹೋದೀತೇ ಹೊರತು ಬೇಕಾದತ್ತ ಹೋಗಲಾರದು, ಏಕೆಂದರೆ ನೀರನ್ನು ಹಿಡಿದು ನಿಲ್ಲುವ ಅಂಗ ಅದಕ್ಕಿಲ್ಲ. ಹಾಯಿಹಲಗೆಯ ಅಡಿಯಲ್ಲಿ ಮೀನಿನ ಈಜುರೆಕ್ಕೆಯಂಥದೊಂದಿದೆ. ಕಲಿಯುವವರ ಹಲಗೆಯಲ್ಲಾದರೆ ನಡುವೆ ಇಳಿಬಿಟ್ಟ ಇನ್ನೊಂದು ಅಲಗೂ ಇರುತ್ತದೆ. ಗಾಳಿ ಅಡ್ಡಕ್ಕೆ ನೂಕಿದಾಗ ಅದು ನೀರಿನಲ್ಲಿ ತಡೆದು ನಿಲ್ಲುತ್ತದೆ; ಆ ತಡೆಯಿಂದಲೇ ಹಲಗೆ ಮುಂದಕ್ಕೆ ಸಾಗುತ್ತದೆ. ಗಾಳಿಪಟಕ್ಕೆ ದಾರ ಮಾಡುವ ಕೆಲಸವೂ ಇದೇ. ದಾರ ಹರಿದ ಪಟ ಮೇಲಕ್ಕೆ ಹೋಗುವುದಿಲ್ಲ, ಎಲ್ಲಿಯೋ ಹೋಗಿ ಬೀಳುತ್ತದೆ.

ದಾರದ ಮಾತು ಬಂದುದರಿಂದ ಒಂದು ಎಚ್ಚರಿಕೆ. ನೈಲಾನಿನ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವೆಂಬ ಮನ್ನಣೆ ಪಡೆಯಿತು. ನಮ್ಮ ಮಕ್ಕಳ ಆಟ ಆ ಹಕ್ಕಿಗಳ ರೆಕ್ಕೆ ಕೊಯ್ಯಬಾರದು. ಹತ್ತಿಯ ದಾರ ಸಾಕು.

ಮೊಮ್ಮಗಳ ಕಥೆಯನ್ನು ಮುಗಿಸಬೇಕು. ಮುಂದಿನ ವಾರ ಅವಳು ನೀರಿಗಿಳಿಯುವ ಮುನ್ನ ದಡದಲ್ಲಿ ಪಟವನ್ನು ಮಲಗಿಸಿ ನೋಡಿದಳಂತೆ. ಕೂವೆಯ ಬದಿಯಲ್ಲಿ ಮಡಿಕೆಗಳಿದ್ದವು. ಹಿಡಿಗೋಲು ಅವಳ ಸೊಂಟದ ಮಟ್ಟದಲ್ಲಿತ್ತು. ಅವಳಿಗಿಂತ ಮೊದಲು ಯಾವುದೋ ಚಿಕ್ಕ ಮಗು ಬಳಸಿತ್ತೆಂದು ತೋರುತ್ತದೆ. ಎರಡನ್ನೂ ಸರಿಪಡಿಸಿಕೊಂಡು ಹೋದಳು. ಆ ದಿನವೂ ನಾಲ್ಕು ಸಲ ಬಿದ್ದಳು, ಆದರೆ ಅಳಲಿಲ್ಲ. "ತಾತ, ಸೂತ್ರ ಸರಿ ಇರಲಿಲ್ಲ" ಎಂದಳು.

ಆ ಮಾತು ಕೇಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಬಹಳ ವರ್ಷಗಳ ಹಿಂದೆ ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಿಂದ ಒಬ್ಬ ಹುಡುಗ ನನ್ನ ತರಗತಿಗೆ ಬಂದಿದ್ದ. ಕುರಿ ಕಾಯುವವರ ಮನೆಯ ಮೊದಲ ಓದುಗ. ನಾನೋ ಆಗ ಹೊಸ ಹುರುಪಿನ ಅಧ್ಯಾಪಕ. ಮೊದಲ ದಿನವೇ ಪಂಪನನ್ನು ಪೂರ್ಣ ವೇಗದಲ್ಲಿ ಓದಲು ತೊಡಗಿದೆ. ಪದ ಬಿಡಿಸಲಿಲ್ಲ, ಅನ್ವಯ ಹೇಳಲಿಲ್ಲ. ಹುಡುಗ ಮೂರು ತಿಂಗಳು ಕೂತು ನೋಡಿದ. ದೀಪಾವಳಿಯ ರಜೆಗೆ ಹೋದವನು ಮರಳಲಿಲ್ಲ. "ಅವನಲ್ಲಿ ಸತ್ತ್ವವಿರಲಿಲ್ಲ" ಎಂದು ಅಧ್ಯಾಪಕರ ಕೊಠಡಿಯಲ್ಲಿ ನಾನು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹಲವು ವರ್ಷಗಳ ಮೇಲೆ ಕೊಟ್ಟೂರಿನ ತೇರಿನ ದಿನ ಆತನೇ ಗುರುತು ಹಿಡಿದು, ಕಾಲು ಮುಟ್ಟಿ ನಮಸ್ಕರಿಸಿ, "ನೀವು ಓದ್ತಿದ್ದದ್ದು ಭಾಳ ಚೆಂದಿತ್ತು ಸರ್. ನನಗ ತಿಳೀಲಿಲ್ಲ, ಅಷ್ಟೇ" ಎಂದ. ನಾನು ಏನನ್ನೂ ಹೇಳಲಾರದೆ ಹೋದೆ. ಗಾಳಿಗೆ ತಕ್ಕಂತೆ ಗಂಟು ಸರಿಸುವುದನ್ನು ದೊಡ್ಡಪ್ಪ ನನಗೆ ಬಯಲಿನಲ್ಲಿ ತೋರಿಸಿಕೊಟ್ಟಿದ್ದರು. ಅದನ್ನು ತರಗತಿಯೊಳಕ್ಕೆ ಒಯ್ಯಲು ನಾನು ಮರೆತಿದ್ದೆ.

ಶ್ರೋತೃಗಳೇ, ಬರುವ ಆಷಾಢದಲ್ಲಿ ನಿಮ್ಮ ಊರ ಬಯಲಿನಲ್ಲಿ ಯಾವುದಾದರೂ ಮಗುವಿನ ಗಾಳಿಪಟ ಸುತ್ತಿ ಸುತ್ತಿ ಬೀಳುತ್ತಿದ್ದರೆ, ದಯವಿಟ್ಟು ಒಂದು ನಿಮಿಷ ನಿಲ್ಲಿ. ಗಾಳಿ ಸರಿಯಿಲ್ಲವೆಂದಾಗಲಿ ಕೈ ಸರಿಯಿಲ್ಲವೆಂದಾಗಲಿ ಹೇಳುವುದಕ್ಕೆ ಮೊದಲು ಆ ಗಂಟನ್ನು ಬಿಚ್ಚಿ, ಒಂದು ಬೆರಳಿನಗಲ ಸರಿಸಿ, ಮತ್ತೆ ಕಟ್ಟಿಕೊಡಿ.