ಹಾಳೆಯ ಮೇಲಿನ ಮೊಬೈಲ್ ಆಪ್



ಈ ಶಾಲೆಯಲ್ಲೇ ಓದಿದ ನಾನು ಈಗ ಮೊಬೈಲ್ ಆಪ್‌ಗಳ ವಿನ್ಯಾಸ ಕಲಿಯುತ್ತಿದ್ದೇನೆ. ನನ್ನ ಮೊದಲ ಕೆಲಸ, ಡೇರಿಗೆ ಹಾಲು ಹಾಕುವವರ ಲೆಕ್ಕದ ಆಪ್. ಕಂಪ್ಯೂಟರ್ ಮುಟ್ಟುವ ಮೊದಲು ಪರದೆಗಳನ್ನು ಪೆನ್ಸಿಲ್‌ನಲ್ಲಿ ಹಾಳೆಯ ಮೇಲೆ ಬರೆದು ಐದು ಜನ ಹೆಂಗಸರ ಮುಂದಿಟ್ಟೆ. ಐದು ಜನರಿಗೆ ತೋರಿಸಿದರೇ ಹೆಚ್ಚಿನ ತೊಡಕುಗಳು ಗೊತ್ತಾಗುತ್ತವೆ ಎಂದು ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಏನನ್ನೂ ಹೇಳಿಕೊಡದೆ, ಬೆರಳು ಎಲ್ಲಿಗೆ ಹೋಗುತ್ತದೆಂದು ನೋಡುತ್ತಾ ಕುಳಿತೆ. ಸುಮ್ಮನಿರುವುದೇ ಕಷ್ಟ, ಬಿಡಿ!

ಅವರು ಹುಡುಕಿದ್ದು ಎರಡೇ: ಇವತ್ತಿನ ಫ್ಯಾಟ್ ಎಷ್ಟು, ಕೈಗೆ ಬರುವ ದುಡ್ಡೆಷ್ಟು. ಫ್ಯಾಟ್ ಇಳಿದರೆ ದರವೂ ಇಳಿಯುತ್ತದೆ. ಮಕ್ಕಳ ಫೀಸು, ದಿನಸಿ ಎಲ್ಲ ಆ ದುಡ್ಡಿನಲ್ಲೇ. ಆ ಎರಡು ಅಂಕಿಗಳನ್ನೇ ಮೇಲೆ ದಪ್ಪಗೆ ಬರೆದೆ. ಓದಲು ಬಾರದ ಅಜ್ಜಿಯೊಬ್ಬರಿಗಾಗಿ, ಒತ್ತಿದರೆ ಕನ್ನಡದಲ್ಲಿ ಓದಿ ಹೇಳುವ ಬಟನ್ ಸೇರಿಸುತ್ತಿದ್ದೇನೆ.

ಹಾಳೆಗಳನ್ನು ತಂದಿದ್ದೇನೆ ಮಕ್ಕಳೇ, ಊಟದ ಹೊತ್ತಿಗೆ ಬಂದು ನೋಡಿ.