ಮೋಸ್ತಾರದ ಹಳೆಯ ಸೇತುವೆ ಮತ್ತು ಅದನ್ನು ಮತ್ತೆ ಕಟ್ಟಿದವರು



ಬೋಸ್ನಿಯಾ-ಹರ್ಜೆಗೊವಿನಾ ದೇಶದ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಮೋಸ್ತಾರ್ ಎಂಬ ಪಟ್ಟಣವಿದೆ. ಸೇತುವೆ ಕಾಯುವವರಿಂದಲೇ ಅದಕ್ಕೆ ಆ ಹೆಸರು ಬಂದಿತು. ಅಲ್ಲಿ ನೆರೆಟ್ವಾ ನದಿಯನ್ನು ಒಂದೇ ಕಮಾನಿನಲ್ಲಿ ದಾಟುವ ಕಲ್ಲುಸೇತುವೆ 1566ರಲ್ಲಿ ಪೂರ್ಣಗೊಂಡಿತು. ಕಟ್ಟಿಸಿದವನು ಆಟೊಮನ್ ಸುಲ್ತಾನ ಸುಲೇಮಾನ್. ಕಟ್ಟಿದವನು ಪ್ರಸಿದ್ಧ ವಾಸ್ತುಶಿಲ್ಪಿ ಸಿನಾನನ ಶಿಷ್ಯ ಹೈರುದ್ದೀನ್. ಕಮಾನಿನ ಹರವು ಸುಮಾರು 29 ಮೀಟರ್. ಬೇಸಿಗೆಯ ನೀರಿನಿಂದ ನೆತ್ತಿಯವರೆಗಿನ ಎತ್ತರ ಸುಮಾರು 20 ಮೀಟರ್. ಮರದ ಅಟ್ಟಳೆಯನ್ನು ಕಳಚಿದಾಗ ಕಮಾನು ಕುಸಿದರೆ ತಲೆ ಉಳಿಯದೆಂದು ಅಂಜಿ, ಹೈರುದ್ದೀನ್ ತನ್ನ ಗೋರಿಯನ್ನು ತಾನೇ ತೋಡಿಕೊಂಡಿದ್ದನೆಂದು ಐತಿಹ್ಯ. ಕಥೆ ಹೇಗಾದರೂ ಇರಲಿ, ಸೇತುವೆ 427 ವರ್ಷ ನಿಂತಿತು.

1993ರ ನವೆಂಬರ್ 9ರಂದು, ಯುದ್ಧದ ನಡುವೆ, ಕ್ರೊಯೇಟ್ ಪಡೆಗಳ ಗುಂಡುಗಳಿಗೆ ಅದು ಉರುಳಿ ನದಿಗೆ ಬಿದ್ದಿತು.

ಇಂಥ ಸೇತುವೆಯನ್ನು ಮರಳಿ ಕಟ್ಟಲು ಹಣ, ಕಲ್ಲುಗಳಿಗಿಂತ ಮೊದಲು ಬೇಕಾದದ್ದು ಅಳತೆ. ಜೆಮಾಲ್ ಚೆಲಿಚ್ ಮತ್ತು ಮೆಹ್ಮದ್ ಮುಯೆಜಿನೊವಿಚ್ ಎಂಬ ಇಬ್ಬರು ವಿದ್ವಾಂಸರು ಬೋಸ್ನಿಯಾದ ಹಳೆಯ ಸೇತುವೆಗಳನ್ನು ಕುರಿತ ಗ್ರಂಥವನ್ನು 1969ರಲ್ಲಿಯೇ ಹೊರತಂದಿದ್ದರು. ನಿಂತಿರುವ ಸೇತುವೆಯನ್ನು ಅಳೆದು ದಾಖಲಿಸುವುದು ಯಾರ ಗಮನವನ್ನೂ ಸೆಳೆಯದ ಕೆಲಸ; ಸೇತುವೆ ಬಿದ್ದ ಮೇಲೆ ಮಾತ್ರ ಅದರ ಬೆಲೆ ತಿಳಿಯುತ್ತದೆ.

ವಾಸ್ತುಶಿಲ್ಪಿ ಅಮೀರ್ ಪಾಶಿಚ್ ಅವರ ವೃತ್ತಿಜೀವನವಂತೂ ಈ ಪಟ್ಟಣಕ್ಕೇ ಮೀಸಲಾಯಿತು. ಅವರ ಮುಂದಾಳತ್ವದಲ್ಲಿ ನಡೆದ ಮೋಸ್ತಾರದ ಹಳೆಪೇಟೆಯ ಸಂರಕ್ಷಣೆಗೆ 1986ರಲ್ಲಿ ಆಗಾ ಖಾನ್ ಪ್ರಶಸ್ತಿ ಸಂದಿತು. ಏಳು ವರ್ಷಗಳಲ್ಲಿ ಆ ದುಡಿಮೆಯ ಬಹುಭಾಗ ಬೂದಿಯಾಯಿತು. ಅವರು ಇಸ್ತಾನ್‌ಬುಲ್‌ನಲ್ಲಿದ್ದುಕೊಂಡೇ 1994ರಿಂದ ಹತ್ತು ವರ್ಷಗಳ ಕಾಲ 'ಮೋಸ್ತಾರ್ 2004' ಎಂಬ ಕಾರ್ಯಾಗಾರಗಳನ್ನು ನಡೆಸಿದರು. ಗುಂಡಿನ ಸದ್ದು ಇನ್ನೂ ಅಡಗದಿದ್ದಾಗಲೇ ಪುನರ್ನಿರ್ಮಾಣಕ್ಕೆ ಇಸವಿ ನಿಗದಿಪಡಿಸಿದ ಆ ಧೈರ್ಯವನ್ನು ಹುಚ್ಚೆನ್ನಲೂಬಹುದು.

1997ರಲ್ಲಿ ಹಂಗೇರಿ ಸೇನೆಯ ಮುಳುಗುಗಾರರು ನದೀತಳದಿಂದ ಕಲ್ಲುಗಳನ್ನು ಎತ್ತಿದರು. ಅವು ಮರುಬಳಕೆಗೆ ಒದಗಲಿಲ್ಲ. ಆದರೆ ಹೈರುದ್ದೀನನ ವಿಧಾನವನ್ನು ಹೇಳಬಲ್ಲ ಸಾಕ್ಷಿಗಳು ಅವೇ. ಕಲ್ಲುಕಲ್ಲನ್ನೂ ಕಬ್ಬಿಣದ ಕೊಂಡಿಗಳಿಂದ ಬಿಗಿದು, ಕೊಂಡಿಯ ಗುಳಿಗೆ ಕರಗಿದ ಸೀಸವನ್ನು ಎರೆಯಲಾಗಿತ್ತು. ತಣಿದ ಸೀಸ ಕಬ್ಬಿಣವನ್ನು ಅಲುಗದಂತೆ ಹಿಡಿಯುತ್ತದೆ, ನೀರು ತಾಗಿ ತುಕ್ಕು ಹಿಡಿಯುವುದನ್ನೂ ತಡೆಯುತ್ತದೆ. ಕಮಾನಿನ ಎರಡು ಮಗ್ಗುಲಲ್ಲಿ ಭಾರ ತಗ್ಗಿಸಲು ಒಳಗೆ ಟೊಳ್ಳುಗಳನ್ನು ಬಿಡಲಾಗಿತ್ತು.

ಫ್ಲಾರೆನ್ಸ್ ವಿಶ್ವವಿದ್ಯಾಲಯದ ತಜ್ಞರು ವಿನ್ಯಾಸದ ಅಧ್ಯಯನ ನಡೆಸಿದರು. 2001ರಲ್ಲಿ ತುರ್ಕಿಯ ಸಂಸ್ಥೆಯೊಂದು ಕೆಲಸ ಆರಂಭಿಸಿತು. ಕಲ್ಲು ಮಾತ್ರ ಮೋಸ್ತಾರದ ಸಮೀಪದ್ದೇ: ತೆನೆಲಿಯಾ ಎಂಬ ತಿಳಿಬಣ್ಣದ ಸುಣ್ಣಕಲ್ಲು. ಹಳೆಯ ಕಮಾನು ಶತಮಾನಗಳ ಭಾರಕ್ಕೆ ಅಲ್ಲಲ್ಲಿ ಸೊಟ್ಟಗಾಗಿತ್ತು. ಅದನ್ನು ನೇರ್ಪುಗೊಳಿಸುವುದು ಸುಲಭವಿತ್ತು. ಎಂಜಿನಿಯರರು ಹಾಗೆ ಮಾಡದೆ ಆ ಸೊಟ್ಟನ್ನೇ ಅನುಸರಿಸಿದರು. ಪರಿಣಾಮವಾಗಿ ಕಲ್ಲುಕುಟಿಗರು ಒಂದೊಂದು ಕಲ್ಲನ್ನೂ ಅದರದೇ ಅಳತೆಗೆ ಕಡೆಯಬೇಕಾಯಿತು. ಕಮಾನಿನ ನೆತ್ತಿ 2003ರ ಆಗಸ್ಟ್‌ನಲ್ಲಿ ಕೂಡಿತು. 2004ರ ಜುಲೈ 23ರಂದು ಸೇತುವೆ ತೆರೆಯಿತು, ಪಾಶಿಚರು ಹಾಕಿಕೊಂಡಿದ್ದ ಇಸವಿಯಲ್ಲಿಯೇ. ಮರುವರ್ಷ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಸೇತುವೆಯ ಪುನರುಜ್ಜೀವನಕ್ಕೆ ತುರ್ಕಿ, ಇಟಲಿ, ನೆದರ್ಲೆಂಡ್ಸ್, ಕ್ರೊಯೇಷಿಯಾಗಳು ಹಣ ಕೊಟ್ಟವು, ವಿಶ್ವಬ್ಯಾಂಕ್ ನೆರವಾಯಿತು. ಕೆಳಗೆ ಹರಿಯುವ ನೆರೆಟ್ವಾದ ಪಾಡು ಬೇರೆ. ಅದೇ ನದಿಯ ಮೇಲುಹರಿವಿನಲ್ಲಿ 1950ರ ದಶಕದಲ್ಲಿ ಯಾಬ್ಲನಿತ್ಸಾ ಅಣೆಕಟ್ಟು ಎದ್ದಿತು. ಬಳಿಕ ಗ್ರಾಬೊವಿತ್ಸಾ, ಸಲಾಕೊವಾಟ್ಸ್, ಮೋಸ್ತಾರ್ ಜಲವಿದ್ಯುತ್ ಸ್ಥಾವರಗಳು ಬಂದವು. ಅವೂ ಎಂಜಿನಿಯರರ ಕೆಲಸವೇ. ಹೈರುದ್ದೀನನ ಕಮಾನು ನದಿಯೊಳಗೆ ಒಂದು ಕಂಬವನ್ನೂ ಊರದೆ ದಡದಿಂದ ದಡಕ್ಕೆ ಹಾರಿತ್ತು. ಇಂದಿಗೂ ಬೇಸಿಗೆಯಲ್ಲಿ ಮೋಸ್ತಾರದ ಯುವಕರು ಅದರ ನೆತ್ತಿಯಿಂದ, ಆ ತಣ್ಣನೆಯ ಹಸಿರು ನೀರಿಗೆ ಧುಮುಕುತ್ತಾರೆ.